ವಾಹನದ ಎಂಜಿನ್ ಶಾಖಮಾಪಕ: ಅಳವಡಿಕೆ, ಖರ್ಚು ಮತ್ತು ಲೆಕ್ಕ

ಶಿರಾಡಿ ಘಾಟಿಯಲ್ಲಿ ಗುಂಡ್ಯದಿಂದ ಸಕಲೇಶಪುರದ ಕಡೆಗೆ ಹತ್ತುವಾಗ, ರಸ್ತೆಯ ಬದಿಗೆ ಸರಿದು ಬಾನೆಟ್ ಎತ್ತಿಕೊಂಡು ನಿಂತ ಒಂದಾದರೂ ಸರಕು ವಾಹನವನ್ನು ಕಾಣದೆ ಪ್ರಯಾಣ ಮುಗಿಸಿದವರು ವಿರಳ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟಿರುತ್ತದೆ. ರೇಡಿಯೇಟರಿನಿಂದ ಹಬೆ ಏಳುತ್ತಿರುತ್ತದೆ. ಖಾಲಿ ಕ್ಯಾನ್ ಹಿಡಿದ ಕ್ಲೀನರ್ ನೀರು ಹುಡುಕುತ್ತಾ ತೊರೆಯ ಕಡೆಗೆ ಹೊರಟಿರುತ್ತಾನೆ. ಚಾಲಕನನ್ನು ವಿಚಾರಿಸಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: "ಕೆಂಪು ದೀಪ ಹತ್ತಿದ ತಕ್ಷಣ ನಿಲ್ಲಿಸಿದೆ ಸಾರ್." ಬಹುಪಾಲು ಪ್ರಸಂಗಗಳಲ್ಲಿ ಅವನು ಹೇಳುವುದು ಸತ್ಯವೇ ಆಗಿರುತ್ತದೆ. ಆದರೆ ಆ ದೀಪ ಹತ್ತುವ ಹೊತ್ತಿಗೆ ಎಂಜಿನ್ನಿನೊಳಗೆ ಆಗಬಾರದ್ದು ಆಗಿಹೋಗಿರುವ ಸಂಭವವೂ ಉಂಟು.

ಈ ನಷ್ಟದ ಪೂರ್ಣ ಚಿತ್ರ ಮಾಲೀಕನಿಗೆ ಒಂದೇ ಬಿಲ್ಲಿನಲ್ಲಿ ಕಾಣಸಿಗುವುದಿಲ್ಲ. ವಾಹನವನ್ನು ಎಳೆದು ತಂದ ಬಾಡಿಗೆ ಒಂದು ಚೀಟಿಯಲ್ಲಿ, ಲೇತ್ ಕೆಲಸ ಇನ್ನೊಂದರಲ್ಲಿ, ಬದಲಿ ವಾಹನದ ಬಾಡಿಗೆ ಮತ್ತೊಂದರಲ್ಲಿ ಬರುತ್ತದೆ. ತಡವಾಗಿ ತಲುಪಿದ ಸರಕಿಗೆ ಗ್ರಾಹಕ ಕಡಿದುಕೊಂಡ ಮೊತ್ತ 'ರಿಯಾಯಿತಿ' ಎಂಬ ಶೀರ್ಷಿಕೆಯಡಿ ಎಲ್ಲೋ ಅಡಗಿರುತ್ತದೆ. ನಾಲ್ಕನ್ನೂ ಒಂದು ಕಾಗದದ ಮೇಲೆ ಕೂಡಿ ನೋಡುವ ಪರಿಪಾಠ ನಮ್ಮ ಸಣ್ಣ ಉದ್ದಿಮೆಗಳಲ್ಲಿ ಕಡಿಮೆ.

ವಿಚಿತ್ರವೆಂದರೆ, ಕಾರ್ಖಾನೆಯ ಹಿಂಭಾಗದಲ್ಲಿರುವ ಡೀಸೆಲ್ ಜನರೇಟರಿನ ಫಲಕದಲ್ಲಿ ಎಣ್ಣೆಯ ಒತ್ತಡ ಮತ್ತು ನೀರಿನ ಶಾಖ ತೋರಿಸುವ ಮಾಪಕಗಳಿಲ್ಲದಿದ್ದರೆ ಅದೇ ಮಾಲೀಕ ಅದನ್ನು ಖರೀದಿಸಲು ಒಪ್ಪುವುದಿಲ್ಲ. ಅವನ ಸರಕನ್ನು ಹೊತ್ತು ವಾರಕ್ಕೆರಡು ಬಾರಿ ಘಟ್ಟ ಹತ್ತಿ ಇಳಿಯುವ ವಾಹನ ಮಾತ್ರ ಒಂದು ಪುಟ್ಟ ಕೆಂಪು ದೀಪದ ಭರವಸೆಯ ಮೇಲೆ ಓಡುತ್ತಿರುತ್ತದೆ.

ದೀಪ ಏಕೆ ಸಾಲದು?

ಹಳೆಯ ಅಂಬಾಸಿಡರ್, ಪದ್ಮಿನಿ ಕಾರುಗಳ ಕಾಲದಲ್ಲಿ ಚಾಲಕನ ಮುಂದೆ ಮುಳ್ಳು ಇರುವ ಮಾಪಕ ಇರುತ್ತಿತ್ತು. ಅದಕ್ಕೂ ಹಿಂದೆ, 1910ರ ದಶಕದಲ್ಲಿ, ಅಮೆರಿಕದ ಕಾರುಗಳಲ್ಲಿ ರೇಡಿಯೇಟರ್ ಮುಚ್ಚಳದ ಮೇಲೆಯೇ ಉಷ್ಣಮಾಪಕವನ್ನು ನಿಲ್ಲಿಸಿ, ಚಾಲಕ ಗಾಜಿನ ಮೂಲಕ ನೋಡಿಕೊಳ್ಳುವ ವ್ಯವಸ್ಥೆ ಬಂದಿತ್ತು. 'ಬಾಯ್ಸ್ ಮೋಟೋಮೀಟರ್' ಎಂಬ ಹೆಸರಿನಿಂದ ಅದು ಪ್ರಸಿದ್ಧವಾಗಿತ್ತು. ಈಚಿನ ಹಲವು ಸಣ್ಣ ಕಾರುಗಳಲ್ಲಿ ಮಾಪಕವನ್ನೇ ಕೈಬಿಟ್ಟು, ಎಂಜಿನ್ ತಣ್ಣಗಿದ್ದಾಗ ನೀಲಿ, ಮಿತಿಮೀರಿ ಕಾದಾಗ ಕೆಂಪು ಎಂದು ದೀಪವನ್ನಷ್ಟೇ ಉಳಿಸಲಾಗಿದೆ. ನೀಲಿ ಆರಿದ ಮೇಲೆ ಕೆಂಪು ಹತ್ತುವವರೆಗಿನ ಇಡೀ ಅಂತರದಲ್ಲಿ ಏನು ನಡೆಯುತ್ತಿದೆ ಎಂಬುದು ಚಾಲಕನಿಗೆ ತಿಳಿಯದು.

ಮುಳ್ಳಿನ ಮಾಪಕ ಇರುವ ವಾಹನಗಳಲ್ಲೂ ಪೂರ್ಣ ನೆಮ್ಮದಿಯಿಲ್ಲ. ಮುಳ್ಳು ಸ್ವಲ್ಪ ಅಲುಗಿದರೂ ಗ್ರಾಹಕರು ಗಾಬರಿಗೊಂಡು ಸರ್ವಿಸ್ ಕೇಂದ್ರಕ್ಕೆ ಓಡಿಬರುತ್ತಾರೆಂಬ ಕಾರಣಕ್ಕೆ, ಅನೇಕ ತಯಾರಕರು ಅದನ್ನು ಒಂದು ವಿಶಾಲ ವ್ಯಾಪ್ತಿಯವರೆಗೆ ನಟ್ಟನಡುವೆ ನಿಲ್ಲುವಂತೆ ಹೊಂದಿಸಿರುತ್ತಾರೆ. ನೀರು 80 ಡಿಗ್ರಿಯಲ್ಲಿದ್ದರೂ ನಡುವೆ, 100 ಡಿಗ್ರಿ ಮುಟ್ಟಿದರೂ ನಡುವೆ. ಮುಳ್ಳು ಮೇಲೇರಲು ತೊಡಗಿತೆಂದರೆ ಕ್ರಮ ಕೈಗೊಳ್ಳಲು ಉಳಿದಿರುವ ಸಮಯ ಕೆಲವೇ ನಿಮಿಷ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ಇಂಥ ಮಾಪಕಕ್ಕೆ ಚೆನ್ನಾಗಿ ಒಪ್ಪುತ್ತದೆ.

ಎಂಜಿನ್ನಿನ ಶೀತಕ ಸಾಮಾನ್ಯವಾಗಿ 80ರಿಂದ 95 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಬಹುತೇಕ ಥರ್ಮೋಸ್ಟಾಟ್‌ಗಳು 80–88 ಡಿಗ್ರಿಯ ಆಸುಪಾಸಿನಲ್ಲಿ ತೆರೆದುಕೊಳ್ಳುತ್ತವೆ. ರೇಡಿಯೇಟರ್ ಮುಚ್ಚಳ ಸುಮಾರು 0.9 ಬಾರ್ ಒತ್ತಡವನ್ನು ತಡೆದು ನಿಲ್ಲಿಸುವುದರಿಂದ ಒಳಗಿನ ನೀರು 100 ಡಿಗ್ರಿಗೆ ಕುದಿಯದೆ 118–120 ಡಿಗ್ರಿಯವರೆಗೆ ತಡೆದುಕೊಳ್ಳುತ್ತದೆ. ಸರಿಯಾದ ಪ್ರಮಾಣದಲ್ಲಿ ಕೂಲೆಂಟ್ ಬೆರೆತಿದ್ದರೆ ಇನ್ನೂ ಕೆಲವು ಡಿಗ್ರಿ ಹೆಚ್ಚು. ಮುಚ್ಚಳದ ರಬ್ಬರ್ ಸವೆದಿದ್ದರೆ ಈ ರಕ್ಷಣೆಯೆಲ್ಲವೂ ಹೋಯಿತು. ಅಲ್ಪ ಬೆಲೆಯ ಆ ಮುಚ್ಚಳವನ್ನು ಕೊನೆಯ ಬಾರಿ ಬದಲಿಸಿದ್ದು ಯಾವಾಗ ಎಂದು ಹೇಳಬಲ್ಲ ಮಾಲೀಕರು ಎಷ್ಟು ಮಂದಿ ಇದ್ದಾರು?

ಶಾಖ ಮಿತಿಮೀರಿದಾಗ ಮೊದಲು ಪೆಟ್ಟು ಬೀಳುವುದು ಸಿಲಿಂಡರ್ ಹೆಡ್ಡಿಗೆ. ಇಂದಿನ ಹೆಡ್ಡುಗಳು ಅಲ್ಯೂಮಿನಿಯಂನವು. ಅನೇಕ ಎಂಜಿನ್ನುಗಳಲ್ಲಿ ಕೆಳಗಿನ ಬ್ಲಾಕ್ ಎರಕದ ಕಬ್ಬಿಣದ್ದು. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಮಿತಿಯೊಳಗಿನ ಹಿಗ್ಗುವಿಕೆಯನ್ನು ನಡುವಿನ ಗ್ಯಾಸ್ಕೆಟ್ ಸಹಿಸಿಕೊಳ್ಳುತ್ತದೆ. ಮಿತಿ ಮೀರಿದರೆ ಹೆಡ್ ಬಾಗುತ್ತದೆ, ಗ್ಯಾಸ್ಕೆಟ್ ಒಡೆಯುತ್ತದೆ, ನೀರು ಎಣ್ಣೆಯೊಳಗೆ ಸೇರುತ್ತದೆ. ಆ ಬಳಿಕವೂ ಹತ್ತು ಕಿಲೋಮೀಟರ್ ಓಡಿಸಿದರೆ ಎಂಜಿನ್ನೇ ಹಿಡಿದು ನಿಲ್ಲಬಹುದು.

ಮಾಪಕದಲ್ಲಿ ಎರಡು ಬಗೆ

ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಪೇಟೆಯಲ್ಲಿ ಕೇಳಿದರೆ ಎರಡು ಬಗೆಯ ಮಾಪಕಗಳು ದೊರೆಯುತ್ತವೆ. ಮೊದಲನೆಯದು ಯಾಂತ್ರಿಕ. ಅದರ ತುದಿಯಲ್ಲೊಂದು ಲೋಹದ ಗುಂಡು, ಅದರಿಂದ ಮಾಪಕದವರೆಗೆ ಕೂದಲೆಳೆಯಂಥ ತಾಮ್ರದ ಕೊಳವೆ, ಒಳಗೆ ಬೇಗ ಆವಿಯಾಗುವ ದ್ರವ. ಶಾಖ ಏರಿದಂತೆ ಆವಿಯ ಒತ್ತಡ ಏರಿ ಮುಳ್ಳನ್ನು ತಿರುಗಿಸುತ್ತದೆ. ಬ್ಯಾಟರಿಯ ಹಂಗಿಲ್ಲ, ನಿಖರತೆ ಉತ್ತಮ. ಆದರೆ ಕೊಳವೆಯನ್ನು ಕತ್ತರಿಸಲಾಗದು, ಮಡಚಲಾಗದು. ಒಮ್ಮೆ ಮುರಿದರೆ ಮಾಪಕವನ್ನು ಎಸೆಯಬೇಕಾದೀತು. ಎರಡನೆಯದು ವಿದ್ಯುತ್ ಮಾಪಕ. ಇದರಲ್ಲಿ ಶಾಖ ಏರಿದಂತೆ ವಿದ್ಯುತ್ ನಿರೋಧ ಇಳಿಯುವ ಸೆನ್ಸರ್ ಇರುತ್ತದೆ. ಅಲ್ಲಿಂದ ಮಾಪಕಕ್ಕೆ ತಂತಿ ಎಳೆದರೆ ಸಾಕು. ನಮ್ಮ ವಾಹನಗಳಿಗೆ ಇದೇ ಹೆಚ್ಚು ಅನುಕೂಲ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಮಾಪಕ ಮತ್ತು ಸೆನ್ಸರ್ ಒಂದೇ ಜೋಡಿಯಾಗಿರತಕ್ಕದ್ದು. ಒಂದು ತಯಾರಿಕೆಯ ಮಾಪಕಕ್ಕೆ ಇನ್ನೊಂದರ ಸೆನ್ಸರ್ ಹಾಕಿದರೆ ಮುಳ್ಳು ತಿರುಗುತ್ತದೆ, ಆದರೆ ತೋರಿಸುವ ಅಂಕಿ ಸುಳ್ಳು. ತಕ್ಕಡಿ ಒಂದು ಕಡೆಯದು, ಬೊಟ್ಟು ಇನ್ನೊಂದು ಕಡೆಯದು ಆದಂತೆ.

ವಾರಂಟಿ ಅವಧಿಯೊಳಗಿನ ಹೊಸ ವಾಹನಗಳಿಗೆ ಮೂರನೆಯ ಮಾರ್ಗವೊಂದಿದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ಮಾನದಂಡದ ವಾಹನಗಳಲ್ಲಿ ದೋಷ ತಪಾಸಣೆಗೆಂದು ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಚುಚ್ಚುವ ಸಣ್ಣ ಉಪಕರಣ, ವಾಹನದ ಮೂಲ ಸೆನ್ಸರ್ ಕಳಿಸುವ ಶಾಖವನ್ನೇ ಅಂಕಿಗಳಲ್ಲಿ ತೋರಿಸುತ್ತದೆ. ಪೈಪು ಕತ್ತರಿಸುವ, ವೈರಿಂಗ್ ಬಿಚ್ಚುವ ಪ್ರಮೇಯವೇ ಇಲ್ಲ. ವಾರಂಟಿಯ ವಿಚಾರದಲ್ಲಿ ತಗಾದೆ ಬರಬಾರದೆಂದಿದ್ದರೆ ಇದೇ ಲೇಸು.

ಅಳವಡಿಕೆಯ ಕ್ರಮ

ಕೆಲಸ ಒಂದು ಮಧ್ಯಾಹ್ನದ್ದು. ಅನುಭವಿ ಆಟೋ ಎಲೆಕ್ಟ್ರಿಷಿಯನ್ ಒಬ್ಬ ಮಾಡಬಲ್ಲ. ಆದರೆ ಮಾಲೀಕನಾಗಲಿ, ಅವನ ಮೇಲ್ವಿಚಾರಕನಾಗಲಿ ಪಕ್ಕದಲ್ಲಿ ನಿಂತು ಕೆಲವು ಅಂಶಗಳನ್ನು ಗಮನಿಸುವುದು ಒಳ್ಳೆಯದು.

ಮೊದಲು ಮಾಪಕದ ಪರೀಕ್ಷೆ. ವಾಹನಕ್ಕೆ ಕೂಡಿಸುವ ಮುನ್ನ ಬ್ಯಾಟರಿಗೆ ತಾತ್ಕಾಲಿಕವಾಗಿ ಜೋಡಿಸಿ, ಸೆನ್ಸರಿನ ಲೋಹದ ಮೈಗೆ ಅರ್ಥ್ ಕೊಟ್ಟು, ಅದರ ತುದಿಯನ್ನು ಕುದಿಯುವ ನೀರಿನಲ್ಲಿ ಅದ್ದಬೇಕು. ಮಂಗಳೂರಿನಲ್ಲಿ ಮುಳ್ಳು 100ರ ಬಳಿ ನಿಲ್ಲಬೇಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವುದರಿಂದ ಅಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ; ಬೆಂಗಳೂರಿನಲ್ಲಿ 100 ತೋರಿಸುವ ಮಾಪಕ ಮೂರು ಡಿಗ್ರಿ ಹೆಚ್ಚು ಹೇಳುತ್ತಿದೆ ಎಂದು ತಿಳಿಯಬೇಕು. ವ್ಯತ್ಯಾಸ ಎರಡು ಮೂರು ಡಿಗ್ರಿಯಾದರೆ ಬರೆದಿಟ್ಟುಕೊಂಡರಾಯಿತು. ಹತ್ತು ಡಿಗ್ರಿಯಾದರೆ ಅಂಗಡಿಗೆ ಹಿಂದಿರುಗಿಸಬೇಕು.

ಸೆನ್ಸರನ್ನು ಎಲ್ಲಿ ಕೂಡಿಸಬೇಕೆಂಬುದು ಮುಖ್ಯ ಪ್ರಶ್ನೆ. ಸಿಲಿಂಡರ್ ಹೆಡ್ಡಿನಲ್ಲಿ, ಥರ್ಮೋಸ್ಟಾಟಿಗೆ ಮುಂಚೆ, ಪ್ಲಗ್ ಹಾಕಿ ಮುಚ್ಚಿದ ತೂತು ಇದ್ದರೆ ಅದಕ್ಕಿಂತ ಒಳ್ಳೆಯ ಸ್ಥಳವಿಲ್ಲ. ಅದು ಇಲ್ಲದಿದ್ದಲ್ಲಿ ಎಂಜಿನ್ನಿನಿಂದ ರೇಡಿಯೇಟರಿಗೆ ಹೋಗುವ ಮೇಲಿನ ಹೋಸ್ ಪೈಪನ್ನು ಕತ್ತರಿಸಿ, ನಡುವೆ ಅಲ್ಯೂಮಿನಿಯಂ ಅಡಾಪ್ಟರ್ ಒಂದನ್ನು ಎರಡು ಕ್ಲಿಪ್ಪುಗಳಿಂದ ಬಿಗಿದು, ಅದರಲ್ಲಿ ಸೆನ್ಸರ್ ಕೂಡಿಸುವುದು ರೂಢಿ. ಇಲ್ಲಿ ಆಗುವ ಸಾಮಾನ್ಯ ತಪ್ಪು ಅರ್ಥ್ ಮರೆಯುವುದು. ಅಡಾಪ್ಟರಿನ ಎರಡೂ ಬದಿಗೆ ರಬ್ಬರ್ ಇರುವುದರಿಂದ ಅದಕ್ಕೆ ಎಂಜಿನ್ನಿನ ಸಂಪರ್ಕವಿರುವುದಿಲ್ಲ. ಪ್ರತ್ಯೇಕ ತಂತಿಯಿಂದ ಅರ್ಥ್ ಕೊಡದಿದ್ದರೆ ಒಂಟಿ ತಂತಿಯ ಸೆನ್ಸರ್ ಕೆಲಸ ಮಾಡದು. ಸೋರಿಕೆಯ ಭಯದಿಂದ ಮರೆಯ ಮೇಲೆ ಟೆಫ್ಲಾನ್ ಟೇಪನ್ನು ಸುತ್ತಿ ಸುತ್ತಿ ಹಾಕಿದರೂ ಇದೇ ತೊಂದರೆ. ಸೆನ್ಸರಿನ ತುದಿ ಹರಿಯುವ ನೀರಿನೊಳಗೆ ಚಾಚಿರಬೇಕು. ಟಿ-ಜಾಯಿಂಟಿನ ಮೂಲೆಯಲ್ಲಿ ಅಡಗಿದ್ದರೆ ನಿಂತ ನೀರಿನ ಶಾಖವನ್ನಷ್ಟೇ ಅದು ಹೇಳೀತು.

ವಾಹನದ ಮೂಲ ಸೆನ್ಸರನ್ನು ಕಳಚಿ ಆ ಜಾಗದಲ್ಲಿ ಹೊಸತನ್ನು ಕೂಡಿಸುವ ಸುಲಭದ ದಾರಿಯನ್ನು ಕೆಲವರು ತೋರಿಸುತ್ತಾರೆ. ಒಪ್ಪಬಾರದು. ಎಂಜಿನ್ನಿನ ಕಂಪ್ಯೂಟರ್ ಅದೇ ಸೆನ್ಸರನ್ನು ನಂಬಿ ಇಂಧನದ ಪ್ರಮಾಣ ನಿರ್ಧರಿಸುತ್ತದೆ, ಫ್ಯಾನ್ ಚಾಲೂ ಮಾಡುತ್ತದೆ.

ವೈರಿಂಗ್ ವಿಚಾರ ಹೆಚ್ಚಿಲ್ಲ. ಇಗ್ನಿಷನ್ ಹಾಕಿದಾಗ ಮಾತ್ರ ವಿದ್ಯುತ್ ಬರುವ ತಂತಿಯಿಂದ, ತಯಾರಕರು ಸೂಚಿಸಿದ ಫ್ಯೂಸಿನ ಮೂಲಕ ಸಂಪರ್ಕ ಕೊಡಬೇಕು. ಕ್ಯಾಬಿನ್ನಿನ ತಗಡಿನೊಳಗೆ ತಂತಿ ತೂರುವಲ್ಲಿ ರಬ್ಬರ್ ಗ್ರೊಮೆಟ್ ಇರಲೇಬೇಕು; ತಗಡಿನ ಅಂಚು ತಂತಿಯ ಮೇಲ್ಪದರವನ್ನು ತಿಂದರೆ ಮಾಪಕ ಉಳಿಸಲಿದ್ದ ಹಣಕ್ಕಿಂತ ದೊಡ್ಡ ಅನಾಹುತವಾದೀತು. ಸೈಲೆನ್ಸರ್ ಕೊಳವೆಗೆ ತಂತಿ ತಾಗದಂತೆ ಒಯ್ಯಬೇಕು. ಕೆಲಸ ಮುಗಿದ ಮೇಲೆ ಸರಿಯಾದ ಕೂಲೆಂಟ್ ತುಂಬಿ, ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಪೂರ್ತಿ ಹೊರಗೆ ಬಿಟ್ಟು, ಮರುದಿನ ಎಂಜಿನ್ ತಣ್ಣಗಿದ್ದಾಗ ಮತ್ತೊಮ್ಮೆ ಮಟ್ಟ ನೋಡಬೇಕು. ಇಷ್ಟೆಲ್ಲವೂ ಎಂಜಿನ್ ಪೂರ್ತಿ ಆರಿದ ಮೇಲೆಯೇ ನಡೆಯಬೇಕಾದ ಕೆಲಸವೆಂದು ಬೇರೆ ಹೇಳಬೇಕಾಗಿಲ್ಲ.

ಮುಳ್ಳು ಹೇಳುವ ಸಂಗತಿಗಳು

ಮಾಪಕ ಕೂಡಿಸಿದ ಮೊದಲ ತಿಂಗಳು ಅದರಿಂದ ಲಾಭ ಕಾಣಿಸದು. ಆ ತಿಂಗಳಲ್ಲಿ ಮಾಡಬೇಕಾದ್ದು ಒಂದೇ: ಬೆಳಗಿನ ಖಾಲಿ ಓಟ, ಪೂರ್ಣ ಭಾರದ ಓಟ, ಘಟ್ಟದ ಏರು, ಪೇಟೆಯ ದಟ್ಟಣೆ, ಈ ನಾಲ್ಕು ಸಂದರ್ಭಗಳ ಅಂಕಿಗಳನ್ನು ಟ್ರಿಪ್ ಶೀಟಿನ ಒಂದು ಕಾಲಂನಲ್ಲಿ ಬರೆಯಿಸುವುದು. ಅದೇ ವಾಹನದ 'ಆರಂಭಿಕ ಶಿಲ್ಕು'. ಮುಂದೆ ಅದೇ ಏರಿನಲ್ಲಿ, ಅದೇ ಭಾರದಲ್ಲಿ 96 ಇದ್ದದ್ದು 102 ಆದರೆ ಎಲ್ಲೋ ಸೋರಿಕೆಯಿದೆ, ಇಲ್ಲವೇ ಅಡಚಣೆಯಿದೆ ಎಂದು ಅನುಮಾನಿಸಬಹುದು. ಕೆಂಪು ದೀಪಕ್ಕೆ ಈ ಆರು ಡಿಗ್ರಿ ಗೊತ್ತೇ ಆಗದು.

ನಿಂತಾಗ ಏರಿ, ಓಡುವಾಗ ಇಳಿದರೆ ಸಂಶಯ ಫ್ಯಾನಿನ ಮೇಲೆ. ಓಡುವಾಗಲೇ ಏರಿದರೆ ರೇಡಿಯೇಟರ್ ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ಬಯಲುಸೀಮೆಯ ಜಿಲ್ಲೆಗಳಲ್ಲಿ ಕೊಳವೆಬಾವಿಯ ಗಡಸು ನೀರನ್ನೇ ವರ್ಷಾನುಗಟ್ಟಲೆ ತುಂಬಿಸಿದ ವಾಹನಗಳಲ್ಲಿ ಇದು ಸಾಮಾನ್ಯ. ಮನೆಯ ಗೀಸರಿನೊಳಗೆ ಕಟ್ಟುವ ಬಿಳಿ ಪದರವೇ ಇಲ್ಲಿಯೂ ಕಟ್ಟುತ್ತದೆ.

ಮುಳ್ಳು ತೀರ ಕೆಳಗೆ, 60–65ರಲ್ಲೇ ನಿಂತಿದ್ದರೆ ಅದೂ ಶುಭಸೂಚನೆಯಲ್ಲ. ಗಾಡಿ ಕಾಯುತ್ತದೆಂದು ದೂರು ಹೋದಾಗ ಥರ್ಮೋಸ್ಟಾಟನ್ನೇ ಕಿತ್ತುಹಾಕಿ 'ಇನ್ನು ತೊಂದರೆಯಿಲ್ಲ' ಎಂದು ಕಳಿಸುವ ಪದ್ಧತಿ ನಮ್ಮ ಅನೇಕ ಗ್ಯಾರೇಜುಗಳಲ್ಲಿ ಇದೆ. ಎಂಜಿನ್ ತನ್ನ ಸಹಜ ಶಾಖ ತಲುಪದೆ ಓಡಿದರೆ ಇಂಧನ ಹೆಚ್ಚು ಕುಡಿಯುತ್ತದೆ, ಬೋರು ಬೇಗ ಸವೆಯುತ್ತದೆ. ಡೀಸೆಲ್ ಖರ್ಚು ಏರಿದ್ದಕ್ಕೆ ಚಾಲಕನ ಪ್ರಾಮಾಣಿಕತೆಯನ್ನು ಶಂಕಿಸುವ ಮುನ್ನ ಮುಳ್ಳನ್ನು ಒಮ್ಮೆ ನೋಡುವುದು ನ್ಯಾಯ.

ಒಂದು ಮಿತಿಯನ್ನು ಮರೆಯುವಂತಿಲ್ಲ. ಹೋಸ್ ಒಡೆದು ನೀರೆಲ್ಲ ಚೆಲ್ಲಿಹೋದರೆ ಸೆನ್ಸರ್ ಗಾಳಿಯಲ್ಲಿ ನೇತಾಡುತ್ತದೆ. ಆಗ ಎಂಜಿನ್ ಬೆಂಕಿಯಾಗಿದ್ದರೂ ಮುಳ್ಳು ಕೆಳಗಿಳಿಯಬಹುದು. ಘಟ್ಟದ ಏರಿನಲ್ಲಿ ಮುಳ್ಳು ಹಠಾತ್ತನೆ ಬಿದ್ದರೆ ಅದನ್ನು ತಂಪೆಂದು ಭಾವಿಸದೆ ತಕ್ಷಣ ವಾಹನ ನಿಲ್ಲಿಸತಕ್ಕದ್ದು.

ಖರ್ಚು ಮತ್ತು ಲೆಕ್ಕಪತ್ರ

ಉದಾಹರಣೆಗೆ, ಮಾಪಕ, ಅಡಾಪ್ಟರ್, ಕೂಲಿ ಎಲ್ಲ ಸೇರಿ ₹4,000 ಎಂದಿಟ್ಟುಕೊಳ್ಳೋಣ. ಒಮ್ಮೆ ಹೆಡ್ ಬಾಗಿದರೆ ವಾಹನ ಎಳೆತಂದ ಬಾಡಿಗೆ ₹8,000, ಹೆಡ್ ಫೇಸಿಂಗ್, ಗ್ಯಾಸ್ಕೆಟ್ ಮತ್ತು ಕೂಲಿ ₹22,000, ಬದಲಿ ವಾಹನಕ್ಕೆ ₹9,000, ಒಟ್ಟು ₹39,000 ಎಂದು ಹಿಡಿಯೋಣ. ಐದು ವರ್ಷಕ್ಕೊಮ್ಮೆ ಇಂಥದ್ದು ಸಂಭವಿಸಿದರೆ ವರ್ಷಕ್ಕೆ ₹7,800 ಬಿತ್ತು. ಮಾಪಕವಿದ್ದರೂ ಎಲ್ಲ ಅನಾಹುತ ತಪ್ಪುವುದಿಲ್ಲ. ಅರ್ಧ ತಪ್ಪಿತೆಂದರೂ ವರ್ಷಕ್ಕೆ ₹3,900 ಉಳಿತಾಯ. ಹಾಕಿದ ಹಣ ಹೆಚ್ಚುಕಡಿಮೆ ಒಂದು ವರ್ಷದಲ್ಲಿ ಹಿಂದಿರುಗುತ್ತದೆ. ಈ ಅಂಕಿಗಳು ಕೇವಲ ಮಾದರಿ. ಸದಸ್ಯರು ತಮ್ಮ ತಮ್ಮ ಬಿಲ್ಲುಗಳಿಂದ ತೆಗೆದು ತುಂಬಿ ನೋಡಬೇಕು. ಪೇಟೆಯೊಳಗೇ ಓಡಾಡುವ, ದಿನಕ್ಕೆ ಹದಿನೈದು ಕಿಲೋಮೀಟರ್ ಮೀರದ ವಾಹನಕ್ಕೆ ಈ ಲೆಕ್ಕ ಗಿಟ್ಟದೇ ಹೋಗಬಹುದು. ಅಂಥವರು ಮುಚ್ಚಳ, ಬೆಲ್ಟು, ಹೋಸುಗಳನ್ನು ಕಾಲಕ್ಕೆ ಬದಲಿಸಿದರೆ ಸಾಕು.

ವಿಮೆ ಇದೆಯಲ್ಲ ಎಂಬ ಧೈರ್ಯ ಇಲ್ಲಿ ನಡೆಯದು. ಮೋಟಾರು ವಿಮೆಯ ಸಾಮಾನ್ಯ ಪಾಲಿಸಿಯಲ್ಲಿ ಸವೆತ, ಯಾಂತ್ರಿಕ ಅಥವಾ ವಿದ್ಯುತ್ ಕೆಡುಕು ಹಾಗೂ ಪರಿಣಾಮವಾಗಿ ಉಂಟಾಗುವ ನಷ್ಟಗಳನ್ನು ಸ್ಪಷ್ಟವಾಗಿ ಹೊರಗಿಡಲಾಗಿದೆ. ಎಂಜಿನ್ ರಕ್ಷಣೆಯ ಹೆಚ್ಚುವರಿ ಪಾಲಿಸಿ ಪಡೆದವರೂ ಅದರ ಷರತ್ತುಗಳನ್ನು ಓದಿಕೊಳ್ಳಬೇಕು. ಶಾಖ ಏರಿದ್ದು ತಿಳಿದೂ ಓಡಿಸಿದ್ದಾರೆಂಬ ತಕರಾರು ಅಲ್ಲೂ ಏಳಬಹುದು.

ಆದಾಯ ತೆರಿಗೆಯ ದೃಷ್ಟಿಯಿಂದ, ದುರಸ್ತಿಯೆಂದರೆ ಇರುವ ಆಸ್ತಿಯನ್ನು ಕಾಪಾಡಿಕೊಳ್ಳುವುದೇ ಹೊರತು ಹೊಸ ಆಸ್ತಿಯನ್ನಾಗಲಿ, ಹೊಸ ಅನುಕೂಲವನ್ನಾಗಲಿ ಪಡೆಯುವುದಲ್ಲ ಎಂಬ ಕಟ್ಟುನಿಟ್ಟಾದ ಪರೀಕ್ಷೆಯನ್ನು ಸರ್ವೋಚ್ಚ ನ್ಯಾಯಾಲಯ 1997ರ ಬಲ್ಲಿಮಲ್ ನವಲ್ ಕಿಶೋರ್ ಪ್ರಕರಣದಲ್ಲಿ ಒಪ್ಪಿ, 2007ರ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಮುಂದುವರಿಸಿತು. ಹಿಂದೆ ಇಲ್ಲದ ಮಾಪಕವನ್ನು ಮೊದಲ ಬಾರಿ ಕೂಡಿಸುವುದು ಈ ಅರ್ಥದಲ್ಲಿ ದುರಸ್ತಿಯಲ್ಲ ಎಂದು ವಾದ ಹೂಡಬಹುದು. ಆದರೆ ನಾಲ್ಕೈದು ಸಾವಿರದ ವಿಚಾರದಲ್ಲಿ ವಾದಕ್ಕಿಂತ ಮೊತ್ತದ ಗಾತ್ರವೇ ಮುಖ್ಯ. ವಾಹನ ನಿರ್ವಹಣೆಯ ಖಾತೆಗೆ ಖರ್ಚು ಹಾಕಿ, ವರ್ಷದಿಂದ ವರ್ಷಕ್ಕೆ ಅದೇ ನೀತಿಯನ್ನು ಪಾಲಿಸಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಹತ್ತು ವಾಹನಗಳಿಗೆ ಒಟ್ಟಿಗೆ ಹಾಕಿಸಿದವರು ಮಾತ್ರ ತಮ್ಮ ಲೆಕ್ಕಪರಿಶೋಧಕರನ್ನು ಕೇಳಿ ನಿರ್ಧರಿಸುವುದು ಲೇಸು.

ಜಿ.ಎಸ್.ಟಿ.ಯಲ್ಲಿ ಸರಕು ವಾಹನಕ್ಕೂ ಕಾರಿಗೂ ಭೇದವಿದೆ. ಸರಕು ಸಾಗಣೆಯ ವಾಹನದ ಬಿಡಿಭಾಗ ಮತ್ತು ದುರಸ್ತಿಯ ಮೇಲೆ ಕೊಟ್ಟ ತೆರಿಗೆಯ ಜಮೆ ದೊರೆಯುತ್ತದೆ. ಚಾಲಕನೂ ಸೇರಿ 13 ಆಸನ ಮೀರದ ಪ್ರಯಾಣಿಕ ವಾಹನದ ದುರಸ್ತಿ ಸೇವೆಯ ಜಮೆಯನ್ನು, ಕೆಲವು ವಿನಾಯಿತಿಗಳ ಹೊರತು, ಕಾನೂನು ತಡೆಹಿಡಿದಿದೆ. ಸಂಯೋಜನಾ ಪದ್ಧತಿಯಲ್ಲಿರುವ ವ್ಯಾಪಾರಿಗೆ ಎರಡೂ ಇಲ್ಲ. ಬಿಲ್ಲಿನಲ್ಲಿ ತಮ್ಮ ನೋಂದಣಿ ಸಂಖ್ಯೆ ಮತ್ತು ವಾಹನದ ಸಂಖ್ಯೆ ಎರಡನ್ನೂ ಬರೆಯಿಸಿಕೊಂಡರೆ ಮುಂದೆ ವಿವರಣೆ ಕೊಡುವ ಶ್ರಮ ತಪ್ಪುತ್ತದೆ.

ಚಾಲಕನ ಪಾಲು

ಹೆಡ್ ಬಾಗಿದ ವಾಹನ ಗ್ಯಾರೇಜಿಗೆ ಬಂದ ದಿನ ಮಾಲೀಕನ ಸಿಟ್ಟು ಇಳಿಯುವುದು ಚಾಲಕನ ಮೇಲೆ. ಸಂಬಳದಲ್ಲಿ ಇಷ್ಟಿಷ್ಟು ಹಿಡಿಯುತ್ತೇನೆಂಬ ಮಾತು ಬರುವುದೂ ಉಂಟು. ನೌಕರನ ಅಲಕ್ಷ್ಯದಿಂದಲೇ ನಷ್ಟವಾಗಿದ್ದು, ಸಮಜಾಯಿಷಿ ಹೇಳಲು ಅವನಿಗೆ ಅವಕಾಶ ಕೊಟ್ಟ ನಂತರವೇ ಕಡಿತ ಎಂಬ ತತ್ತ್ವ 1936ರ ವೇತನ ಪಾವತಿ ಕಾಯಿದೆಯಲ್ಲೂ ಇತ್ತು, 2019ರ ವೇತನ ಸಂಹಿತೆಯಲ್ಲೂ ಇದೆ. ಹತ್ತಿದ ದೀಪವನ್ನು ನೋಡಿ ನಿಲ್ಲಿಸಿದವನಲ್ಲಿ ಅಲಕ್ಷ್ಯವೆಲ್ಲಿ ಬಂತು? ಮಾಪಕವಿಲ್ಲದ ವಾಹನದಲ್ಲಿ ಈ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ. ಇರುವ ವಾಹನದಲ್ಲಿ ಟ್ರಿಪ್ ಶೀಟಿನ ಕಾಲಂ ಉತ್ತರ ಹೇಳುತ್ತದೆ. ಅದು ಚಾಲಕನ ಪರವಾಗಿಯೂ ಇರಬಹುದು, ವಿರುದ್ಧವಾಗಿಯೂ ಇರಬಹುದು.

ಇನ್ನೊಂದು ಸಂಗತಿಯನ್ನು ಮಾಲೀಕರು ಒಪ್ಪಿಕೊಳ್ಳಲೇಬೇಕು. ಶಾಖ ಏರುವುದು ತಿಳಿದರೂ ಚಾಲಕರು ನಿಲ್ಲಿಸದಿರುವುದಕ್ಕೆ ಕಾರಣ ಅನೇಕ ಸಲ ಮಾಲೀಕರೇ. 'ಎಷ್ಟು ಹೊತ್ತಿಗೆ ತಲುಪುತ್ತೀಯ?' ಎಂದು ಅರ್ಧ ಗಂಟೆಗೊಮ್ಮೆ ಫೋನು ಹೋಗುತ್ತಿದ್ದರೆ, 105 ತೋರಿಸುವ ಮುಳ್ಳಿಗಿಂತ ಆ ಫೋನಿನ ಭಯವೇ ದೊಡ್ಡದು. ಆದ್ದರಿಂದ ಮಾಪಕದ ಜೊತೆಗೆ ಒಂದು ಕಾಗದವನ್ನೂ ಡ್ಯಾಶ್‌ಬೋರ್ಡಿಗೆ ಅಂಟಿಸುವುದು ಅವಶ್ಯ. ಅದರಲ್ಲಿ ಬರೆಯಬೇಕಾದ್ದು ಇಷ್ಟೇ: 100 ಡಿಗ್ರಿ ದಾಟಿದರೆ ಎ.ಸಿ. ಆರಿಸು, ಹೀಟರ್ ಇದ್ದರೆ ಪೂರ್ತಿ ಹಾಕು, ವೇಗ ತಗ್ಗಿಸು. 105 ಆದರೆ ಸುರಕ್ಷಿತ ಸ್ಥಳ ನೋಡಿ ನಿಲ್ಲಿಸು. ಎರಡು ನಿಮಿಷ ಎಂಜಿನ್ ಐಡಲಿನಲ್ಲಿ ಬಿಟ್ಟರೂ ಶಾಖ ಇಳಿಯದಿದ್ದರೆ ಆರಿಸು. ಮುಳ್ಳು ಹಠಾತ್ತನೆ ಕೆಳಗೆ ಬಿದ್ದರೆ ಆ ಕ್ಷಣವೇ ನಿಲ್ಲಿಸಿ ಆರಿಸು. ಅರ್ಧ ಗಂಟೆಗೂ ಹೆಚ್ಚು ಕಾದು ಎಂಜಿನ್ ಪೂರ್ತಿ ಆರುವ ತನಕ ಮುಚ್ಚಳ ಮುಟ್ಟಬೇಡ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬೇಡ. ನಿಂತದ್ದರಿಂದ ತಡವಾದರೆ ಯಾರೂ ಕೇಳುವುದಿಲ್ಲ. ವಾಹನದ ತಯಾರಕರ ಕೈಪಿಡಿಯಲ್ಲಿ ಬೇರೆ ಮಿತಿ ಹೇಳಿದ್ದರೆ ಆ ಅಂಕಿಯನ್ನೇ ಬರೆಯಬೇಕು. ಕೆಳಗೆ ಸಹಿ ಮಾಲೀಕನದ್ದೇ ಇರಲಿ, ಮೇಲ್ವಿಚಾರಕನದ್ದು ಬೇಡ. ಫೋನು ಮಾಡುವವನು ಅವನೇ.